ಬಿದಿರ ಮೆಳೆಯ ಕಾಳಿಂಗ ಮತ್ತು ಹಳ್ಳದ ಕುಂಬಾರ

ಸೊಪ್ಪು, ಎಲೆ ತರುವ ನಮ್ಮ ಸೊಪ್ಪಿನಬೆಟ್ಟದ ಕೆಳಗಿನ ಅಂಚಿನಲ್ಲಿ, ನೆಲ ಹಳ್ಳದ ಕಡೆಗೆ ಇಳಿಯುವ ಜಾಗದಲ್ಲಿ, ಒಂದು ಹಳೆಯ ಬಿದಿರ ಮೆಳೆಯಿದೆ. ನಾಲ್ಕು ವರ್ಷಗಳ ಹಿಂದೆ, ಮೇ ತಿಂಗಳ ಮೊದಲ ವಾರ, ಮಳೆಗಾಲಕ್ಕೆ ಮುಂಚೆ ಕೊಟ್ಟಿಗೆಗೆ ಇನ್ನಷ್ಟು ದರಗು, ಎಂದರೆ ಉದುರಿದ ಒಣ ಎಲೆ, ಸೇರಿಸೋಣವೆಂದು ಹೋದ ನಮ್ಮ ಕೆಲಸದವರಿಗೆ ಆ ಮೆಳೆಯ ಬುಡದಲ್ಲಿ ಯಾರೋ ಗುಡಿಸಿ ಒಟ್ಟಿಟ್ಟಂತೆ ಕಾಣುವ ಎಲೆಯ ಗುಪ್ಪೆಯೊಂದು ಸಿಕ್ಕಿತು. ಹತ್ತಿರ ಹೋಗುವಷ್ಟರಲ್ಲಿ ಗುಪ್ಪೆಯ ಮೇಲೆ ಸುತ್ತಿಕೊಂಡಿದ್ದ ಕಾಳಿಂಗ ಎದೆಯೆತ್ತರಕ್ಕೆ ಎದ್ದು ನಿಂತಿತಂತೆ. ಅವರು ಜಲ್ಲೆಯನ್ನು ಅಲ್ಲಿಯೇ ಬಿಟ್ಟು ಓಡಿಬಂದರು. "ಮಕ್ಳು ಮರಿ ತಿರುಗಾಡೋ ಜಾಗ, ಯಾರನ್ನಾದ್ರೂ ಕರ್ಸಿ ಹಿಡಿಸ್ಬಿಡೋ," ಎಂದು ಚಿಕ್ಕಪ್ಪ ಹೇಳಿದರು. ಎದುರಾಡುವ ತಿಳಿವಳಿಕೆ ಆಗ ನನಗಿರಲಿಲ್ಲವಾದ್ದರಿಂದ ನಾನೇ ಫೋನ್ ಮಾಡಿದೆ. ಪೇಟೆಯಿಂದ ಹಾವು ಹಿಡಿಯುವವರೊಬ್ಬರು ಬಂದರು. ಅವರ ಹಿಂದೆ ಮೊಬೈಲ್ ಹಿಡಿದ ಅರ್ಧ ಊರೂ ಬಂದಿತು. ತಾಯಿ ಹಾವನ್ನು ಚೀಲಕ್ಕೆ ತುಂಬಿ ಜೀಪಿನಲ್ಲಿ ಬಹು ದೂರದ ಕಾಡಿಗೆ ಸಾಗಿಸಲಾಯಿತು. ಗೂಡನ್ನು ನೋಡಲೆಂದು ಯಾರೋ ಕೆದಕಿದ್ದರಿಂದ, ಆಮೇಲೆ ಬಿದ್ದ ಮಳೆಯ ನೀರು ಒಳಕ್ಕೆ ಇಳಿದು ಮೊಟ್ಟೆಗಳು ಕೊಳೆತವು. ಜುಲೈನಲ್ಲಿ ನಾನೇ ಹೋಗಿ ನೋಡಿದಾಗ ಅಲ್ಲಿ ಸುಕ್ಕುಗಟ್ಟಿದ ಸಿಪ್ಪೆಗಳು ಮಾತ್ರ ಇದ್ದವು.

ಆ ಹೊತ್ತಿನಲ್ಲಿ ನಾನು ತಿಳಿದುಕೊಂಡಿದ್ದು, ಕಾಳಿಂಗವೆಂದರೆ ಭಾರತದಿಂದ ಹಿಡಿದು ಫಿಲಿಪೈನ್ಸಿನವರೆಗೂ ಹರಡಿರುವ ಒಂದೇ ಜಾತಿಯ ಹಾವು ಎಂದು. ಪುಸ್ತಕಗಳೂ ಹಾಗೆಯೇ ಹೇಳುತ್ತಿದ್ದವು. 1836ರಲ್ಲಿ ಈ ಹಾವಿಗೆ ವೈಜ್ಞಾನಿಕ ಹೆಸರಿಟ್ಟಂದಿನಿಂದ ಹೆಚ್ಚುಕಡಿಮೆ ಎರಡು ಶತಮಾನಗಳ ಕಾಲ ಅದು ಒಂದೇ ಪ್ರಭೇದವೆಂದೇ ನಡೆದುಕೊಂಡು ಬಂದಿತ್ತು. 2024ರಲ್ಲಿ ಪಿ. ಗೌರಿಶಂಕರ್ ಮತ್ತು ಅವರ ಸಹ ಸಂಶೋಧಕರು, ವರ್ಷಗಳ ಕಾಲ ನಡೆಸಿದ ವಂಶವಾಹಿ ಅಧ್ಯಯನ ಹಾಗೂ ಮೈಮೇಲಿನ ಪಟ್ಟೆಗಳೇ ಮೊದಲಾದ ಲಕ್ಷಣಗಳ ಹೋಲಿಕೆಯ ಆಧಾರದ ಮೇಲೆ, ಇವು ನಾಲ್ಕು ಬೇರೆ ಬೇರೆ ಪ್ರಭೇದಗಳೆಂದು ಪ್ರಕಟಿಸಿದರು. ಪಶ್ಚಿಮ ಘಟ್ಟದ ಹಾವಿಗೆ ಅವರು ಇಟ್ಟ ಹೆಸರು ಒಫಿಯೋಫೇಗಸ್ ಕಾಳಿಂಗ. ನಮ್ಮ ಅಜ್ಜಿಯರ ಬಾಯಲ್ಲಿದ್ದ ಮಾತು ಈಗ ಜಗತ್ತಿನ ಎಲ್ಲ ದೇಶಗಳ ವಿಜ್ಞಾನಿಗಳೂ ಬರೆಯಬೇಕಾದ ಹೆಸರಾಗಿದೆ. ಇದರಿಂದ ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಆದರೆ ಅದರ ಬೆನ್ನಿಗೇ ಆ ಸುಕ್ಕುಗಟ್ಟಿದ ಸಿಪ್ಪೆಗಳ ನೆನಪೂ ಬಂದಿತು. ಫಿಲಿಪೈನ್ಸಿನಲ್ಲಿಯೋ ಥಾಯ್ಲೆಂಡಿನಲ್ಲಿಯೋ ಕಾಳಿಂಗಗಳು ಎಷ್ಟಿದ್ದರೂ ಅವು ನಮ್ಮ ಮೆಳೆಯಲ್ಲಿ ಹಾಳಾದ ಮೊಟ್ಟೆಗಳ ಲೆಕ್ಕವನ್ನು ತುಂಬಲಾರವು. ಈ ಹಾವು ಇರುವುದು ಈ ಘಟ್ಟಸಾಲಿನಲ್ಲಿ ಮಾತ್ರ.

"ಇಲ್ಲಿ ಮಾತ್ರ" ಎಂಬ ಈ ಎರಡು ಶಬ್ದಗಳ ಭಾರ ನಮ್ಮ ಮಲೆನಾಡಿನವರಿಗೆ ಇನ್ನೂ ತಟ್ಟಿಲ್ಲವೆಂಬುದು ನನ್ನ ಅನಿಸಿಕೆ. ವಿಜ್ಞಾನಿಗಳು ಎಂಡೆಮಿಕ್ ಎಂದು ಕರೆಯುವುದು ಇಂಥ ಜೀವಿಗಳನ್ನೇ. ಹುಲಿ, ಆನೆ, ಕಾಟಿಗಳು ನಮ್ಮಲ್ಲಿ ಇವೆ, ಬೇರೆ ಕಡೆಯೂ ಇವೆ. ಅವುಗಳಿಗಾಗಿ ರಾಷ್ಟ್ರೀಯ ಉದ್ಯಾನಗಳಿವೆ, ಗಣತಿಯಿದೆ, ಪತ್ರಿಕೆಗಳಲ್ಲಿ ಜಾಗವಿದೆ. ಇಲ್ಲಿ ಮಾತ್ರ ಇರುವ ಜೀವಗಳಾದರೋ ಬಹುಪಾಲು ಸಣ್ಣವು, ಒದ್ದೆ ಜಾಗದವು, ನಾಚಿಕೆಯವು. ಅವು ಬದುಕುವುದು ಸೊಪ್ಪಿನಬೆಟ್ಟದ ದರಗಿನಲ್ಲಿ, ತೋಟದ ಮೇಲಿನ ಹಳ್ಳದಲ್ಲಿ, ಊರ ಹಿಂದಿನ ಕಾನೆಂಬ ದಟ್ಟ ಹಸಿರು ಕಾಡಿನಲ್ಲಿ, ಎಂದರೆ ಅರಣ್ಯ ಇಲಾಖೆಯ ಕಾವಲಿಗಿಂತ ನಮ್ಮ ಕತ್ತಿ, ಗುದ್ದಲಿ, ಜೆಸಿಬಿಗಳು ಹೆಚ್ಚು ಓಡಾಡುವ ಜಾಗಗಳಲ್ಲಿ. ಆದ್ದರಿಂದ ಇವುಗಳ ಅಳಿವು ಉಳಿವು ಸರ್ಕಾರಕ್ಕಿಂತ ಮೊದಲು ನಮ್ಮ ಕೈಯಲ್ಲಿದೆ ಎಂದು ನಾನು ನಂಬಿದ್ದೇನೆ. ಈ ಬರಹವೂ ಅದಕ್ಕಾಗಿಯೇ.

ಕುಂಬಾರ ಕಪ್ಪೆಯನ್ನೇ ತೆಗೆದುಕೊಳ್ಳಿ. ಜೋಗದಿಂದ ಹೊನ್ನಾವರದ ಕಡೆಗೆ ಇಳಿಯುವಾಗ ಮಾವಿನಗುಂಡಿಯ ಆಚೆ ಸಿಗುವ ಕತ್ತಲೆಕಾನಿನಲ್ಲಿ ಕಂಡ ಈ ಕಪ್ಪೆಯನ್ನು ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಹೊಸ ಪ್ರಭೇದವೆಂದು ವಿವರಿಸಿದರು. ಹೆಬ್ಬೆರಳಿಗಿಂತ ತುಸು ದೊಡ್ಡದು ಎನ್ನಬಹುದಾದ ಇರುಳುಗಪ್ಪೆ ಅದು. ಮಳೆಗಾಲದಲ್ಲಿ ಹೆಣ್ಣು ನೀರಿನ ಮೇಲಕ್ಕೆ ಚಾಚಿಕೊಂಡ ಕಡ್ಡಿಗೋ ಬೇರಿಗೋ ಮೊಟ್ಟೆ ಅಂಟಿಸಿ ಹೊರಟುಹೋಗುತ್ತದೆ. ಮುಂದಿನ ಕೆಲಸವೆಲ್ಲ ಗಂಡಿನದು. ಅದು ಹಳ್ಳದ ತಳಕ್ಕೆ ಇಳಿದು, ಮುಂಗೈಗಳಲ್ಲಿ ಕೆಸರನ್ನು ಬಾಚಿ ತಂದು, ಹಿಂಗಾಲ ಮೇಲೆ ನಿಂತು, ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಮತ್ತೆ ಇಳಿಯುತ್ತದೆ, ಮತ್ತೆ ತರುತ್ತದೆ, ಮೊಟ್ಟೆಗಳೆಲ್ಲ ಮಣ್ಣಿನ ಹೊದಿಕೆಯೊಳಗೆ ಸೇರುವವರೆಗೂ ಬಿಡುವುದಿಲ್ಲ. ಮೊಟ್ಟೆ ಒಣಗದಿರಲೆಂದೂ ತಿನ್ನುವವರ ಕಣ್ಣಿಗೆ ಬೀಳದಿರಲೆಂದೂ ಈ ಏರ್ಪಾಡು ಇರಬೇಕೆಂದು ಸಂಶೋಧಕರ ಊಹೆ. ಮೊಟ್ಟೆಗೆ ಹೀಗೆ ಮಣ್ಣು ಮೆತ್ತುವ ಕಪ್ಪೆ ಅಲ್ಲಿಯವರೆಗೆ ಜಗತ್ತಿನ ಯಾವ ಮೂಲೆಯಲ್ಲಿಯೂ ದಾಖಲಾಗಿರಲಿಲ್ಲ. ಕುಂಬಾರನ ಹೆಸರಿಗೆ ಇದಕ್ಕಿಂತ ತಕ್ಕ ಪ್ರಾಣಿ ಇನ್ನೊಂದಿಲ್ಲ. ವಿಜ್ಞಾನದಲ್ಲಿಯೂ ಅದರ ಹೆಸರು ಕುಂಬಾರ ಎಂದೇ ಇದೆ.

ಇರುಳುಗಪ್ಪೆಗಳ ಈ ಇಡೀ ಕುಲವೇ ಪಶ್ಚಿಮ ಘಟ್ಟದಿಂದ ಹೊರಗೆ ಇಲ್ಲ. ಅಷ್ಟೇ ಏಕೆ, ನಮ್ಮ ಘಟ್ಟದ ಕಪ್ಪೆಗಳಲ್ಲಿ ನಾಲ್ಕರಲ್ಲಿ ಮೂರು ಪಾಲಿಗೂ ಮಿಕ್ಕಿದವು ಇಲ್ಲಿಯವೇ. ಇದಕ್ಕೆ ಕಾರಣ ಈ ಬೆಟ್ಟಗಳ ವಯಸ್ಸು ಮತ್ತು ಮಳೆ. ಭಾರತದ ಭೂಭಾಗ ಮಡಗಾಸ್ಕರಿನಿಂದ ಬೇರ್ಪಟ್ಟು ಉತ್ತರಕ್ಕೆ ತೇಲಿಬರುವಾಗ ಹೊತ್ತುತಂದ ಹಳೆಯ ವಂಶಗಳಲ್ಲಿ ಕೆಲವು ಈ ಮಳೆಕಾಡುಗಳಲ್ಲಿ ಉಳಿದುಕೊಂಡವು. 2003ರಲ್ಲಿ ಕೇರಳದಲ್ಲಿ ವಿವರಿಸಲಾದ ನೇರಳೆ ಕಪ್ಪೆಯ ಹತ್ತಿರದ ನೆಂಟರು ಇರುವುದು ನಡುಸಮುದ್ರದ ಸೇಶೆಲ್ಸ್ ದ್ವೀಪಗಳಲ್ಲಿ ಎಂಬುದು ಇದಕ್ಕೆ ಒಳ್ಳೆಯ ಸಾಕ್ಷಿ. ಪೂರ್ವಕ್ಕೆ ಒಣ ಬಯಲುಸೀಮೆ, ಪಶ್ಚಿಮಕ್ಕೆ ಕಡಲು, ನಡುವೆ ಹಸಿರಿನ ಒಂದು ಉದ್ದನೆಯ ಪಟ್ಟಿ; ಒದ್ದೆ ಚರ್ಮದ ಪ್ರಾಣಿಯೊಂದಕ್ಕೆ ಇದು ದ್ವೀಪವೇ ಸರಿ. ಅದರೊಳಗೂ ಒಂದು ಕಣಿವೆಯಿಂದ ಇನ್ನೊಂದಕ್ಕೆ ದಾಟಲಾಗದ ಜೀವಗಳು ಆಯಾ ಕಣಿವೆಯಲ್ಲಿಯೇ ಬೇರೆ ಬೇರೆಯಾಗಿ ಬೆಳೆದವು.

ಕುಂಬಾರ ಕಪ್ಪೆ ಸಿಕ್ಕಿದ ಕತ್ತಲೆಕಾನಿನಲ್ಲಿ ರಾಮಪತ್ರೆ ಜಡ್ಡಿಗಳಿವೆ. ವರ್ಷವಿಡೀ ನೀರು ಜಿನುಗುವ ಕಣಿವೆಯ ತಳದಲ್ಲಿ, ಮಡಿಸಿದ ಮೊಣಕಾಲಿನಂತಹ ಬೇರುಗಳನ್ನು ಕೆಸರಿನಿಂದ ಮೇಲಕ್ಕೆ ಎತ್ತಿ ನಿಂತಿರುವ ಕಾಡುಜಾಯಿಯ ಜಾತಿಯ ಮರಗಳ ಕಾಡು ಅದು. ಇಂತಹ ಜಡ್ಡಿಗಳು ಈಗ ಬೆರಳೆಣಿಕೆಯಷ್ಟು ಉಳಿದಿವೆ. ಏಕೆಂದರೆ ನಮ್ಮ ಹಿರಿಯರು ಅಡಿಕೆ ತೋಟಕ್ಕೂ ಗದ್ದೆಗೂ ಹುಡುಕಿದ್ದು ಇಂತಹ ನೀರಿನ ಜಾಗವನ್ನೇ. ಅವರನ್ನು ನಾನು ದೂರುವುದಿಲ್ಲ. ನಾನು ಉಣ್ಣುತ್ತಿರುವುದು ಆ ತೋಟದ ಅನ್ನವನ್ನೇ. ಅವರೇ ಕಾನುಗಳನ್ನು ದೇವರ ಹೆಸರಿನಲ್ಲಿ ಕಾದುಕೊಂಡೂ ಬಂದಿದ್ದರು, ಕಾಳುಮೆಣಸನ್ನು ಕೊಯ್ದುಕೊಂಡು ಮರವನ್ನು ಬಿಟ್ಟಿದ್ದರು. ಸೊರಬದ ಕಾನುಗಳ ವಿಷಯವಾಗಿ 1868ರಷ್ಟು ಹಿಂದೆಯೇ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ವರದಿ ಬರೆದಿದ್ದಾರೆಂದರೆ ಆಗ ಅವು ಎಷ್ಟು ಎದ್ದುಕಾಣುತ್ತಿದ್ದಿರಬೇಕು. ನನ್ನ ದೂರು ಇರುವುದು ಈಗ ನಡೆಯುತ್ತಿರುವುದರ ಬಗ್ಗೆ. ಬಗರ್‌ಹುಕುಂ ಹೆಸರಿನಲ್ಲಿ ಉಳಿದ ಜಡ್ಡಿಯ ತುಂಡುಗಳಿಗೆ ಕಾಲುವೆ ತೋಡಿ ನೀರು ಬಸಿಯುವುದು, ಹಳ್ಳದ ಎರಡೂ ದಂಡೆಗೆ ಕಾಂಕ್ರೀಟ್ ಗೋಡೆ ಕಟ್ಟಿ ಅದನ್ನು ಅಭಿವೃದ್ಧಿ ಎನ್ನುವುದು, ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆದ ದಿನವೇ ಡ್ರಮ್ಮನ್ನು ಹಳ್ಳದಲ್ಲಿ ತೊಳೆಯುವುದು. ದಂಡೆಯ ಕಡ್ಡಿ, ಬೇರು, ತಳದ ಕೆಸರು ಇವು ಇಲ್ಲದ ಹಳ್ಳದಲ್ಲಿ ಕುಂಬಾರ ಏನನ್ನು ಮೆತ್ತಬೇಕು, ಎಲ್ಲಿಗೆ ಮೆತ್ತಬೇಕು?

ಸಿಂಗಳೀಕದ ಕಥೆ ಸ್ವಲ್ಪ ಹೆಚ್ಚು ಜನಕ್ಕೆ ಗೊತ್ತಿದೆ. ಕಪ್ಪು ಮೈ, ಮುಖದ ಸುತ್ತ ಬೂದುಬಿಳಿಯ ಕೇಸರ, ಸಿಂಹದ ಬಾಲದಂತೆ ತುದಿಯಲ್ಲಿ ಕುಚ್ಚು. ಕರ್ನಾಟಕ, ಕೇರಳ, ತಮಿಳುನಾಡುಗಳ ಘಟ್ಟದ ಕಾಡು ಬಿಟ್ಟರೆ ಬೇರೆಲ್ಲಿಯೂ ಇಲ್ಲದ ಈ ಪ್ರಾಣಿಗೆ ಉತ್ತರದ ಕೊನೆಯ ನೆಲೆ ನಮ್ಮ ಶರಾವತಿ ಮತ್ತು ಅಘನಾಶಿನಿ ಕಣಿವೆಗಳ ಆಸುಪಾಸು. 2019ರಲ್ಲಿ ಸುಮಾರು 930 ಚದರ ಕಿಲೋಮೀಟರ್ ಕಾಡನ್ನು ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವೆಂದು ಘೋಷಿಸಲಾಯಿತು. ಸಿಂಗಳೀಕ ನೆಲಕ್ಕೆ ಇಳಿಯುವುದು ಅಪರೂಪ. ಕೊಂಬೆಯಿಂದ ಕೊಂಬೆಗೆ ಹೋಗುವುದೇ ಅದರ ದಾರಿ. ರಸ್ತೆಯನ್ನೋ ವಿದ್ಯುತ್ ತಂತಿಯ ಸಾಲನ್ನೋ ಅಗಲಿಸಿ ಮೇಲಿನ ಹಸಿರು ಚಪ್ಪರ ಹರಿದರೆ ಅದರ ಊರು ಎರಡಾಗುತ್ತದೆ. ಹೆಣ್ಣು ಮೊದಲ ಮರಿ ಹಾಕುವ ಹೊತ್ತಿಗೆ ಆರೇಳು ವರ್ಷ ಕಳೆದಿರುತ್ತದೆ, ಒಂದು ಮರಿಗೂ ಇನ್ನೊಂದಕ್ಕೂ ನಡುವೆ ಮೂರು ವರ್ಷದ ಆಸುಪಾಸು ಅಂತರ. ಕಳೆದುಕೊಂಡದ್ದನ್ನು ಬೇಗ ತುಂಬಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಅದೇ ಅಭಯಾರಣ್ಯದೊಳಗೆ, ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ, ನೀರನ್ನು ಮೇಲಕ್ಕೆ ಪಂಪ್ ಮಾಡಿಟ್ಟು ಬೇಕಾದಾಗ ಇಳಿಸಿ ವಿದ್ಯುತ್ ತೆಗೆಯುವ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು ನಡೆದಿದೆ. ಲಿಂಗನಮಕ್ಕಿ ಅಣೆಕಟ್ಟಿಗಾಗಿ ಮನೆಮಠ ಮುಳುಗಿಸಿಕೊಂಡವರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿರುವ ಕಣಿವೆ ಇದು. ಜನರಿಂದಲೂ ಕಾಡಿನಿಂದಲೂ ಇದು ಕೊಡಬೇಕಾದ್ದನ್ನೆಲ್ಲ ಕೊಟ್ಟಾಗಿದೆ, ಇನ್ನು ಕೇಳಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಯೋಜನೆಯನ್ನು ವಿರೋಧಿಸುವ ನಾವೇ ಉಪ್ಪಾಗೆ ಎಂಬ ಕಾಡುಹಣ್ಣಿನ ವಿಷಯದಲ್ಲಿ ಮೌನವಾಗಿದ್ದೇವೆ ಎಂಬುದನ್ನೂ ಹೇಳಲೇಬೇಕು. ಮಳೆಗಾಲದಲ್ಲಿ ಹಣ್ಣಾಗುವ ಉಪ್ಪಾಗೆ ಸಿಂಗಳೀಕದ ಊಟದಲ್ಲಿ ಒಂದು ಮುಖ್ಯ ಪಾಲು. ನಮ್ಮ ಮನೆಗಳಲ್ಲಿ ಅದರ ಬೀಜದ ತುಪ್ಪಕ್ಕಾಗಿ ಬಿದ್ದ ಹಣ್ಣು ಆರಿಸುತ್ತಿದ್ದ ಕಾಲವಿತ್ತು. ತೂಕ ಇಳಿಸುವ ಔಷಧಿಗೆಂದು ಅದರ ಸಿಪ್ಪೆಗೆ ಹೊರದೇಶದ ಬೇಡಿಕೆ ಹುಟ್ಟಿದ ಮೇಲೆ, ನಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆಂಬ ಅವಸರದಲ್ಲಿ ಕಾಯಿಯನ್ನೇ ಬಡಿದು, ಕೆಲವೊಮ್ಮೆ ಕೊಂಬೆಯನ್ನೇ ಕಡಿದು ತರುವುದು ಶುರುವಾಯಿತು. ಮಳೆಯಲ್ಲಿ ಅದನ್ನು ಒಣಗಿಸಲು ಮತ್ತೆ ಕಾಡಿನ ಸೌದೆಯೇ ಬೇಕು. ಕೊಯ್ಯುವವರಲ್ಲಿ ಹೆಚ್ಚಿನವರು ಬಡವರು, ಆ ಹಣ ಅವರ ಮಕ್ಕಳ ಶಾಲೆಯ ಖರ್ಚು. ಕೊಯ್ಲನ್ನು ನಿಲ್ಲಿಸಿ ಎಂದು ನಾನು ಹೇಳಲಾರೆ. ಊರಿನವರು ಕೂತು ದಿನ ಗೊತ್ತುಮಾಡಿಕೊಂಡು, ಹಣ್ಣಾದ ಮೇಲೆ ಮಾತ್ರ ಕೊಯ್ದು, ಪ್ರತಿ ಮರದಲ್ಲಿಯೂ ಒಂದು ಪಾಲನ್ನು ಬಿಡುವುದು ಸಾಧ್ಯ. ಬೆಳೆದಿದ್ದರಲ್ಲಿ ಹಕ್ಕಿಗೊಂದು ಪಾಲೆಂದು ತೆನೆ ಬಿಡುತ್ತಿದ್ದ ಮನೆಗಳಿಗೆ ಇದು ಹೊಸ ಪಾಠವೇನೂ ಆಗದು.

ಅಡಿಕೆ ಮರದಿಂದ ಮರಕ್ಕೆ ತೇಲುವ ಹಾರುವ ಓತಿಯೂ ದಕ್ಷಿಣ ಭಾರತದ ಬೆಟ್ಟಗಳಿಗಷ್ಟೇ ಸೇರಿದ್ದು. ಚಾಚಿದ ಪಕ್ಕೆಲುಬುಗಳ ಮೇಲೆ ಬಿಗಿದ ಚರ್ಮವೇ ಅದರ ರೆಕ್ಕೆ, ಇರುವೆಯೇ ಅದರ ಊಟ. ತೋಟಗಳಲ್ಲಿ ಅದು ನಮ್ಮೊಂದಿಗೆ ಹೊಂದಿಕೊಂಡು ಬದುಕುತ್ತಿರುವುದು ಸಮಾಧಾನದ ವಿಷಯ.

ಕಷ್ಟವಾಗುವುದು ಮಂಗನ ವಿಷಯ ಬಂದಾಗ. ನಮ್ಮ ಬಾಳೆ, ಏಲಕ್ಕಿ, ಎಳೆ ಅಡಿಕೆಯನ್ನು ಹಾಳುಮಾಡುವ ಸಾಮಾನ್ಯ ಮಂಗವೂ ದಕ್ಷಿಣ ಭಾರತದಿಂದ ಹೊರಗೆ ಎಲ್ಲಿಯೂ ಇಲ್ಲ. ಉತ್ತರದ ಕೆಂಪು ಮಂಗಗಳು ದಕ್ಷಿಣಕ್ಕೆ ಒತ್ತಿಕೊಂಡು ಬರುತ್ತಿರುವುದರಿಂದ ಅದರ ನೆಲೆ ಕುಗ್ಗುತ್ತಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಗೆ ಮನೆಯವರನ್ನು ಕಳೆದುಕೊಂಡ ಊರುಗಳು ನಮ್ಮ ಜಿಲ್ಲೆಯಲ್ಲಿಯೇ ಇವೆ. ಬೆಳೆ ಹೋದವರ ಮುಂದೆ, ಜೀವ ಹೋದವರ ಮುಂದೆ, ಇದು ಅಪರೂಪದ ಪ್ರಾಣಿ ಎಂದು ಹೇಳುವುದು ಸುಲಭವಲ್ಲ, ಹೇಳಿದರೆ ನ್ಯಾಯವೂ ಅಲ್ಲ. ಬೆಳೆನಷ್ಟಕ್ಕೆ ಸಮಯಕ್ಕೆ ಸರಿಯಾದ ಪರಿಹಾರ, ಕಾಯಿಲೆಗೆ ಒಳ್ಳೆಯ ಲಸಿಕೆ, ಕಾಡಿನಲ್ಲಿ ಅಕೇಶಿಯಾದ ಬದಲಿಗೆ ಹಣ್ಣಿನ ಮರ, ಇವನ್ನು ಕೊಟ್ಟ ಮೇಲೆಯೇ ಮಂಗವನ್ನು ಸಹಿಸಿಕೊಳ್ಳಿ ಎಂದು ರೈತನನ್ನು ಕೇಳಲು ಸಾಧ್ಯ.

ಕಾಳಿಂಗಕ್ಕೆ ಮರಳುತ್ತೇನೆ. ಹಾವುಗಳಲ್ಲಿ ಎಲೆ ಒಟ್ಟುಮಾಡಿ ಗೂಡು ಕಟ್ಟುವುದು ಕಾಳಿಂಗದ ಕುಲ ಒಂದೇ. ತಾಯಿ ತನ್ನ ಮೈಯನ್ನು ಬಳಸಿ ದರಗನ್ನು ಎಳೆದು ರಾಶಿ ಹಾಕುತ್ತದೆ, ಒಳಗೆ ಮೊಟ್ಟೆಯಿಟ್ಟು ಮೇಲೆ ಕಾವಲು ಕೂರುತ್ತದೆ. ಆಗುಂಬೆಯಂತಹ ಕಡೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದರೂ ಆ ಎಲೆಯ ರಾಶಿಯ ಒಳಗೆ ಮೊಟ್ಟೆ ನೆನೆಯದೆ ಇರುತ್ತದೆ. ನಮ್ಮವರು ಕೆದಕಿದ್ದು ಅಂತಹ ಸೂರನ್ನು. ಆಗುಂಬೆಯ ಮಳೆಕಾಡು ಸಂಶೋಧನಾ ಕೇಂದ್ರವನ್ನು ಹಾವುಗಳ ತಜ್ಞ ರೋಮ್ಯುಲಸ್ ವಿಟೇಕರ್ 2005ರಲ್ಲಿ ಸ್ಥಾಪಿಸಿದರು. ಕಾಳಿಂಗಗಳ ಮೈಯಲ್ಲಿ ರೇಡಿಯೋ ಟ್ರಾನ್ಸ್‌ಮಿಟರ್ ಇರಿಸಿ ಅಲ್ಲಿ ನಡೆಸಿದ ಅಧ್ಯಯನದಲ್ಲಿ, ಹಿಡಿದು ದೂರ ಸಾಗಿಸಿ ಬಿಟ್ಟ ಹಾವು ನೆಲೆ ಕಾಣದೆ ಬಹು ದೂರ ಅಲೆದಿದ್ದು ಕಂಡುಬಂದಿತು. ನಾವು ಜೀಪಿನಲ್ಲಿ ಕಳಿಸಿದ ತಾಯಿಗೂ ಹಾಗೆಯೇ ಆಗಿರಬೇಕು. ಕಾಳಿಂಗದ ಕಡಿತಕ್ಕೆ ನಮ್ಮ ದೇಶದಲ್ಲಿ ತಯಾರಾಗುವ ಸಾಮಾನ್ಯ ಹಾವಿನ ಔಷಧಿ ಕೆಲಸ ಮಾಡುವುದಿಲ್ಲವೆಂಬುದೂ ನಿಜ, ಆದ್ದರಿಂದ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮನೆಯೊಳಗೆ ಬಂದ ಹಾವನ್ನು ತಿಳಿದವರನ್ನು ಕರೆಸಿ ಹತ್ತಿರದ ಕಾಡಿಗೇ ಬಿಡಿಸಬೇಕು. ಬೆಟ್ಟದಲ್ಲಿ ಗೂಡು ಕಂಡರೆ ಆ ದಿಕ್ಕಿಗೆ ಹೋಗದೆ, ಫೋಟೋ ಹಂಚದೆ, ಎರಡೂವರೆ ಮೂರು ತಿಂಗಳು ಜಾಗ ಬಿಟ್ಟುಕೊಡುವುದು ಸಾಕು.

ಇದನ್ನು ಚಿಕ್ಕಪ್ಪನಿಗೆ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, "ಗೊತ್ತಿದ್ರೆ ಕರೆಸ್ತಿರ್ಲಿಲ್ಲ ಮಾರಾಯ," ಎಂದರು. ಅಂದಿನಿಂದ ಬಿದಿರ ಮೆಳೆಯ ಸುತ್ತಲಿನ ಹತ್ತು ಗುಂಟೆಯಲ್ಲಿ ನಾವು ದರಗು ಗುಡಿಸುವುದಿಲ್ಲ, ಕೊಟ್ಟಿಗೆಗೆ ಬೇಕಾದದ್ದನ್ನು ಮೇಲಿನ ಬೆಟ್ಟದಿಂದ ತರುತ್ತೇವೆ. ಪಕ್ಕದ ಎರಡು ಮನೆಯವರೂ ತಮ್ಮ ಹಳ್ಳದ ಅಂಚಿನಲ್ಲಿ ಇಷ್ಟಿಷ್ಟು ಜಾಗವನ್ನು ಬಿಡಲು ಒಪ್ಪಿದ್ದಾರೆ. ಮೆಳೆಯ ಬುಡದಲ್ಲಿ ಈಗ ಮೊಣಕಾಲು ಮುಳುಗುವಷ್ಟು ಎಲೆ ಬಿದ್ದಿದೆ. ಗೂಡು ಇನ್ನೂ ಆಗಿಲ್ಲ.