ಸತ್ಯಾಂಶ: ಆಡಿಯೋ ಸಿಡಿ ಕಾಪಿ-ಪೇಸ್ಟ್ ಮಾಡಿದ್ರೆ ಹಾಡು ಬರುತ್ತಾ?

"ಹಳೇ ಸಿಡಿ ಹಾಳಾಗೋ ಮುಂಚೆ ಕಂಪ್ಯೂಟರ್‌ಗೆ ಹಾಕಿ, ಎಲ್ಲಾ ಹಾಡು ಕಾಪಿ-ಪೇಸ್ಟ್ ಮಾಡ್ಕೊಳ್ಳಿ, ಎರಡೇ ಸೆಕೆಂಡ್ ಸಾಕು" ಅಂತ ಒಂದು ಫಾರ್ವರ್ಡ್ ಓಡಾಡ್ತಿದೆ. ಬೇಗ ಮುಗಿಯೋದು ನಿಜ, ಆದ್ರೆ ಬರೋದು ಹಾಡಲ್ಲ.

ವಿಂಡೋಸಲ್ಲಿ ಒಂದೊಂದು ಹಾಡಿಗೂ ಕಾಣೋ ಸಿಡಿಎ (.cda) ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ, ಸೈಜ್ ಬರೀ 44 ಬೈಟ್! ಸಿಡಿಲಿ ಸೌಂಡನ್ನ ಸೆಕೆಂಡಿಗೆ 44,100 ಸಲ ಅಳೆದು (ಸ್ಯಾಂಪಲ್), ಒಂದೊಂದು ಅಳತೆನೂ 16 ಬಿಟ್ಟಲ್ಲಿ, ಎಡ-ಬಲ ಎರಡು ಚಾನೆಲಿಗೂ ಇಟ್ಟಿರ್ತಾರೆ, ಅಂದ್ರೆ 5 ನಿಮಿಷದ ಹಾಡು ಸುಮಾರು 50 ಎಂಬಿ ಆಗ್ಬೇಕು. ಆ 44 ಬೈಟಲ್ಲಿರೋದು ಹಾಡು ಡಿಸ್ಕಲ್ಲಿ ಎಲ್ಲಿ ಶುರುವಾಗುತ್ತೆ, ಎಷ್ಟು ಉದ್ದ ಅನ್ನೋ ವಿಳಾಸ ಅಷ್ಟೇ, ಸಿಡಿ ಹೊರಗೆ ತೆಗೆದ್ರೆ ಪ್ಲೇ ಆಗಲ್ಲ. ಈ ಫಾರ್ವರ್ಡ್ ನಂಬಿ ಸಿಡಿ ಗುಜರಿಗೆ ಹಾಕ್ಬಿಟ್ರೆ ಹಾಡು ಹೋದಂಗೇ.

ನೂರು ಹಾಡು ತುಂಬಿರೋ ಎಂಪಿ3 ಸಿಡಿ ಬರ್ತಿತ್ತಲ್ಲ, ಅದಕ್ಕೆ ಕಾಪಿ-ಪೇಸ್ಟ್ ಸಾಕು, ಅದರಲ್ಲಿರೋದು ಮಾಮೂಲಿ ಫೈಲೇ, ಬಹುಶಃ ಗೊಂದಲ ಹುಟ್ಟಿದ್ದೂ ಅಲ್ಲಿಂದ್ಲೇ. ಮ್ಯಾಕಲ್ಲಾದ್ರೆ ಆಡಿಯೋ ಸಿಡಿನೂ ಎಳೆದು ಹಾಕಿದ್ರೆ ನಿಜವಾಗ್ಲೂ ಕಾಪಿ ಆಗುತ್ತೆ.

ವಿಂಡೋಸಲ್ಲಿ ರಿಪ್ ಮಾಡ್ಬೇಕು, ಅಂದ್ರೆ ಸಿಡಿಲಿರೋ ಆಡಿಯೋನ ಓದಿಸಿ ಫೈಲಾಗಿ ಸೇವ್ ಮಾಡ್ಬೇಕು. ವಿಂಡೋಸ್ ಮೀಡಿಯಾ ಪ್ಲೇಯರೇ ಮಾಡುತ್ತೆ, ಗೀರು ಬಿದ್ದ ಸಿಡಿಗೆ ಎಕ್ಸಾಕ್ಟ್ ಆಡಿಯೋ ಕಾಪಿ ಅನ್ನೋ ಸಾಫ್ಟ್‌ವೇರ್ ವಾಸಿ, ನಿಧಾನ ಆದ್ರೂ ತಪ್ಪು ಬಂದ ಜಾಗನ ಮತ್ತೆ ಮತ್ತೆ ಓದುತ್ತೆ. ಫೈಲ್ ಫಾರ್ಮ್ಯಾಟ್ ಫ್ಲಾಕ್ (FLAC) ಇಟ್ಕೊಳ್ಳಿ, ಸೈಜ್ ಕಮ್ಮಿ ಆಗುತ್ತೆ, ಕ್ವಾಲಿಟಿ ಹಾಗೇ ಇರುತ್ತೆ, ಫೋನಿಗೆ ಬೇಕಾದ್ರೆ ಅದರಿಂದ್ಲೇ ಎಂಪಿ3 ಮಾಡ್ಕೋಬಹುದು.

ಇನ್ನು ಹಾಡಿನ ಹೆಸರು, ಬಹುಪಾಲು ಸಿಡಿಲಿ ಅದು ಇರೋದೇ ಇಲ್ಲ, ಸಾಫ್ಟ್‌ವೇರ್ ನೆಟ್ಟಿಂದ ಹುಡುಕಿ ತರುತ್ತೆ. ಕನ್ನಡ ಸಿಡಿಗೆ ಸಿಗದಿದ್ರೆ ಕವರ್ ನೋಡ್ಕೊಂಡು ಎಂಪಿ3ಟ್ಯಾಗ್ (Mp3tag) ಅನ್ನೋ ಸಾಫ್ಟ್‌ವೇರಲ್ಲಿ ನೀವೇ ಟೈಪ್ ಮಾಡಿ, ಕನ್ನಡ ಲಿಪಿಲೇ ಹಾಕ್ಬಹುದು.