ಗಾಳಿ ಬೆನ್ನಿಗಿದ್ದರೆ ಗೊತ್ತೇ ಆಗುವುದಿಲ್ಲ

ಕಡಲ ಪಕ್ಕದ ಊರಿಗೆ ಹೋದವರು ಸಾಮಾನ್ಯವಾಗಿ ಮೊದಲು ಏನು ಮಾಡುತ್ತಾರೆ? ಬಾಡಿಗೆ ಸೈಕಲ್ ಹಿಡಿದು ಬೀಚ್ ರಸ್ತೆಯಲ್ಲಿ ಈ ತುದಿಯಿಂದ ಆ ತುದಿಗೆ ತುಳಿಯುತ್ತಾರೆ. ನಾಲ್ಕು ಫೋಟೋ ಹಾಕುತ್ತಾರೆ. ಊರು ನೋಡಿ ಮುಗೀತು. ನಾನೂ ಅದನ್ನೇ ಮಾಡಿದವನು, ಹಾಗಾಗಿ ಬಯ್ಯುವ ಹಕ್ಕು ಸ್ವಲ್ಪ ಇದೆ ಅಂದುಕೊಂಡಿದ್ದೇನೆ.

ಆ ದಿನ ಹೊರಟಾಗ ಮಧ್ಯಾಹ್ನ ಮೂರು ಗಂಟೆ. 12 ಕಿಲೋಮೀಟರ್ ಹೋಗಿದ್ದೇ ತಿಳಿಯಲಿಲ್ಲ. ಪರವಾಗಿಲ್ವೇ, ಕಾಲಲ್ಲಿ ಇನ್ನೂ ಕಸುವಿದೆ ಅಂತ ಒಳಗೊಳಗೇ ಬೀಗಿದೆ. ಸೈಕಲ್ ವಾಪಸ್ ತಿರುಗಿಸಿದಾಗ ಬಣ್ಣ ಬಯಲಾಯಿತು. ಅಷ್ಟು ದೂರ ನನ್ನನ್ನು ತಳ್ಳಿಕೊಂಡು ಬಂದಿದ್ದು ಗಾಳಿ.

ಹಗಲು ನೆಲ ಬೇಗ ಕಾಯುತ್ತದೆ, ನೀರು ನಿಧಾನ. ನೆಲದ ಮೇಲಿನ ಬಿಸಿಗಾಳಿ ಮೇಲೆದ್ದಾಗ ಆ ಜಾಗಕ್ಕೆ ಕಡಲ ತಂಪುಗಾಳಿ ನುಗ್ಗುತ್ತದೆ. ಇಷ್ಟನ್ನು ಶಾಲೆಯಲ್ಲೇ ಓದಿದ್ದೆ. ಆ ಗಾಳಿ ದಿನವಿಡೀ ಒಂದೇ ಕಡೆಯಿಂದ ಬೀಸುವುದಿಲ್ಲ ಅನ್ನುವುದು ಮಾತ್ರ ತೊಡೆ ಹಿಡಿದುಕೊಂಡ ಮೇಲೆ ಗೊತ್ತಾಗಿದ್ದು. 11 ಗಂಟೆ ಹೊತ್ತಿಗೆ ಕಡಲಿಂದ ನೇರ ಬರುವ ಗಾಳಿ, ಭೂಮಿ ತಿರುಗುವ ಕಾರಣಕ್ಕೆ, ಹೊತ್ತು ಇಳಿಯುತ್ತಾ ಓರೆಯಾಗುತ್ತದೆ. ಉತ್ತರಾರ್ಧಗೋಳದಲ್ಲಿ ಬಲಕ್ಕೆ ವಾಲುತ್ತದೆ. ಕಡಲಿಗೆ ಬೆನ್ನು ಹಾಕಿ ನಿಂತರೆ, ಸಂಜೆ ಹೊತ್ತಿಗೆ ಬಲಗೈ ಕಡೆ ಹೋಗುವುದು ಸಲೀಸು, ಎಡಗೈ ಕಡೆ ಹೋಗುವುದು ಪಡಿಪಾಟಲು. ನೀವು ಗಂಟೆಗೆ 15 ಕಿ.ಮೀ. ತುಳಿಯುತ್ತಿದ್ದು, ಅಷ್ಟೇ ವೇಗದ ಗಾಳಿ ಬೆನ್ನಿಗಿದ್ದರೆ ಮುಖಕ್ಕೆ ಗಾಳಿಯೇ ತಾಗುವುದಿಲ್ಲ. ಅದೇ ಗಾಳಿ ಎದುರಾದರೆ ಅದರ ತಡೆ ಗಾಳಿಯಿಲ್ಲದ ದಿನದ ನಾಲ್ಕು ಪಟ್ಟು. ಅದಕ್ಕೇ ಈಗ ಯಾರು ಕೇಳಿದರೂ ಹೇಳುತ್ತೇನೆ, ಹೋಗುವಾಗ ಎದುರುಗಾಳಿಗೆ ಹೋಗಿ, ಸುಸ್ತಾದ ಮೇಲೆ ಬೆನ್ನುಗಾಳಿಗೆ ಬನ್ನಿ.

ಅವತ್ತು ನಾನು ಸೋತು ಇಳಿದೆ. ಗಾಳಿ ತಪ್ಪಿಸಿಕೊಳ್ಳಲು ಸೈಕಲ್ ತಳ್ಳಿಕೊಂಡು ಒಳಗಿನ ಓಣಿಗೆ ನುಗ್ಗಿದೆ. ಊರು ಸಿಕ್ಕಿದ್ದು ಅಲ್ಲಿ.

ಕಡಲಿಗೆ ಮುಖ ಮಾಡಿದ ಮೊದಲ ಸಾಲಿನ ಮನೆಗಳಲ್ಲಿ ಕಿಟಕಿ ಸರಳುಗಳ ತುಕ್ಕು ಹಕ್ಕಳೆಯಂತೆ ಎದ್ದಿತ್ತು. ಉಗುರು ತಾಗಿಸಿದರೆ ಉದುರುತ್ತಿತ್ತು. ಎರಡನೇ ಓಣಿಯಲ್ಲಿ ಬಣ್ಣದ ಕೆಳಗೆ ಗುಳ್ಳೆಗಳಷ್ಟೇ. ನಾಲ್ಕನೆಯದಕ್ಕೆ ಬಂದರೆ ಸ್ಕ್ರೂಗಳ ಸುತ್ತ ಸಣ್ಣ ಕೆಂಪು ಉಂಗುರ, ಮುಗೀತು. ಅಲೆಯ ಸದ್ದು ಎರಡನೇ ತಿರುವಿನಲ್ಲೇ ನಿಂತುಹೋಗಿತ್ತು. ಉಪ್ಪು ಊರೊಳಗೆ ಎಲ್ಲಿವರೆಗೆ ಬರುತ್ತದೆ ಅನ್ನುವುದನ್ನು ಸರಳು ಮುಟ್ಟಿ ಮುಟ್ಟಿ ನೋಡಿದೆ. ಒಬ್ಬರು ಬಾಗಿಲಿಗೆ ಬಂದು, ಯಾರು ಬೇಕಿತ್ತು ಅಂತ ಕೇಳಿದರು. ತುಕ್ಕು ನೋಡ್ತಿದ್ದೀನಿ ಅಂದರೆ ಏನಂದುಕೊಳ್ಳುತ್ತಾರೋ ಅಂತ, ನೀರು ಕೇಳಿ ಕುಡಿದು ಮುಂದೆ ಹೋದೆ.

ಸೈಕಲ್ ಮೇಲೆ ಇದು ಆಗುತ್ತಿರಲಿಲ್ಲ. ಕಡಲಿಂದ ಒಳಕ್ಕೆ ಹೋಗುವ ದಾರಿಗಳನ್ನು ನಡೆದೇ ನೋಡಬೇಕು ಅನ್ನುವುದು ನನ್ನ ಹಟ. ಸೈಕಲ್ ಬೇಕಾಗುವುದು ಅಂಚುಗಳಿಗೆ. ಲೈಟ್‌ಹೌಸ್, ದೋಣಿಗಳು ನಿಲ್ಲುವ ಧಕ್ಕೆ, ನದಿ ಕಡಲು ಸೇರುವ ಅಳಿವೆ ಇವೆಲ್ಲ ಒಂದಕ್ಕೊಂದು ದೂರ. ಅಳಿವೆಯಲ್ಲಂತೂ ಆಚೆ ದಡ ಕೂಗಿದರೆ ಕೇಳುವಷ್ಟು ಹತ್ತಿರ, ಸೇತುವೆ ಮಾತ್ರ ನದಿಗುಂಟ ಎಷ್ಟೋ ಮೇಲೆ. ದಾಟಿಸುವ ದೋಣಿ ಇದ್ದು, ಸೈಕಲ್ ಹತ್ತಿಸಿಕೊಂಡರೆ ನಿಮ್ಮ ಪುಣ್ಯ.

ಬೀಚ್ ರಸ್ತೆಯ ಸೈಕಲ್ ಪಥದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಸಿರು ಬಣ್ಣ ಬಳಿದಿರುತ್ತಾರೆ, ಅದರ ಮೇಲೆ ಕಾರು ನಿಂತಿರುತ್ತದೆ. ಕೆನಡಾದ ವ್ಯಾಂಕೂವರ್‌ನ ಸ್ಟ್ಯಾನ್ಲಿ ಪಾರ್ಕ್ ಸುತ್ತ ನೀರಿನಂಚಿಗೆ ಒಂದು ದಾರಿಯಿದೆ. ನಡೆಯುವವರಿಗೇ ಒಂದು ಪಟ್ಟಿ, ಸೈಕಲ್‌ನವರಿಗೆ ಇನ್ನೊಂದು. ಸೈಕಲ್‌ಗಳು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ, ಒಂದೇ ದಿಕ್ಕಿಗೆ ಹೋಗಬೇಕು. ಇಷ್ಟು ಸರಳವಾದ ಏರ್ಪಾಡು, ಅಲ್ವಾ?

ಇನ್ನೊಂದು ತಪ್ಪನ್ನೂ ಒಪ್ಪಿಕೊಂಡುಬಿಡುತ್ತೇನೆ. ಇಳಿತದ ಹೊತ್ತಲ್ಲಿ ಒದ್ದೆ ಮರಳು ಸಿಮೆಂಟಿನಷ್ಟು ಗಟ್ಟಿ ಇರುತ್ತದೆ. ಅದರ ಮೇಲೆ ಸೈಕಲ್ ಬಿಟ್ಟೆ. ಎಂಥಾ ಸುಖ! ತೊಳೆಯದೆ ಸುಮ್ನೆ ನಿಲ್ಲಿಸಿ ಮಲಗಿದೆ. ಬೆಳಿಗ್ಗೆ ಚೈನು ಕೆಂಪಗಿತ್ತು. ಉಪ್ಪು ತೇವ ಹಿಡಿದಿಟ್ಟುಕೊಳ್ಳುತ್ತದೆ, ಕಬ್ಬಿಣವನ್ನು ಬೇಗ ತಿನ್ನುತ್ತದೆ. ಸಿಹಿನೀರು ಹೊಯ್ದು, ಒರೆಸಿ, ಎಣ್ಣೆ ಬಿಡಲು ಹತ್ತು ನಿಮಿಷ ಸಾಕಿತ್ತು. ಸೈಕಲ್ ಕೊಟ್ಟವರು ಚೈನು ನೋಡಿದರು, ನನ್ನ ಮುಖ ನೋಡಿದರು, ಏನೂ ಅನ್ನಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಮಾರನೇ ಸಂಜೆ ಅದೇ ಹೊತ್ತಿಗೆ, ಈ ಸಲ ಬರಿಗಾಲಲ್ಲಿ, ಆ ಗಟ್ಟಿ ಮರಳು ಹುಡುಕಿಕೊಂಡು ಹೋದೆ. ನೀರಡಿ ಮುಳುಗಿತ್ತು. ಭರತ ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ ಅನ್ನುವುದು ಮರೆತೇ ಹೋಗಿತ್ತು. ಚಪ್ಪಲಿ ಪಕ್ಕಕ್ಕಿಟ್ಟು ಕಟ್ಟೆ ಮೇಲೆ ಕೂತೆ. ಕತ್ತಲಾಗುವುದು ಮೊದಲೋ, ಮರಳು ಕಾಣುವುದು ಮೊದಲೋ ನೋಡೋಣ ಅಂತ.