ಹೊಟ್ಟೆಗೆ ಕವಚವಿಲ್ಲ, ಹಣೆಗೆ ಚಿನ್ನದ ಪಟ್ಟಿ

ಯುದ್ಧಕ್ಕೆ ಹೊರಟ ಹೆಣ್ಣು ಏನು ತೊಡಬೇಕು? ಅಮೆರಿಕದ ಫ್ಯಾಂಟಸಿ ಪುಸ್ತಕಗಳ ಮುಖಪುಟ ನೋಡಿ. ಭುಜಕ್ಕೆ ಉಕ್ಕು, ಮೊಣಕಾಲಿಗೆ ಉಕ್ಕು, ಎದೆಗೆ ಎರಡು ಬಟ್ಟಲು. ಹೊಟ್ಟೆ ಮಾತ್ರ ಗಾಳಿಗೆ. ಕರುಳು ಎಲ್ಲಿದೆ ಅಂತ ಶತ್ರು ಹುಡುಕಾಡಬಾರದಲ್ಲ, ಪಾಪ!

ಕತ್ತಿ ಹಿಡಿದ ಕಾಮಿಕ್ಸ್ ನಾಯಕಿ ರೆಡ್ ಸೋನ್ಯಾ ಕಥೆ ಕೇಳಿ. 1973ರಲ್ಲಿ ಮಾರ್ವೆಲ್‌ನ ಕಾಮಿಕ್ಸ್‌ಗೆ ಬಂದಾಗ ಅವಳ ಮೈಮೇಲೆ ಉದ್ದ ತೋಳಿನ ಸರಪಳಿ ಅಂಗಿ, ಅಂದರೆ ಲೋಹದ ಉಂಗುರ ಹೆಣೆದ ಕವಚ, ಇತ್ತು. ಮರುವರ್ಷವೇ ಎಸ್ತೆಬಾನ್ ಮರೋಟೊ ಎಂಬ ಸ್ಪೇನಿನ ಚಿತ್ರಕಾರ, ಯಾರೂ ಕೇಳದಿದ್ದರೂ, ಅವಳಿಗೆ ಲೋಹದ ಬಿಕಿನಿ ಬರೆದುಕೊಟ್ಟ. ಅಂಗಿ ಹೋಯಿತು. ಬಿಕಿನಿ ಉಳಿಯಿತು.

ನಿಜವಾದ ಸರಪಳಿ ಅಂಗಿಗೆ ಸಾವಿರಾರು ಉಂಗುರ ಬೇಕು. ತೂಕ ಸುಮಾರು 10 ಕೆಜಿ, ಕೆಲವೊಮ್ಮೆ ಇನ್ನೂ ಜಾಸ್ತಿ. ಒಳಗೆ ದಪ್ಪ ಹೊಲಿಗೆಯ ಮೆತ್ತನೆ ಅಂಗಿ ಇರಲೇಬೇಕು. ಇಲ್ಲದಿದ್ದರೆ ಕತ್ತಿ ಒಳಗೆ ಇಳಿಯದಿದ್ದರೂ ಏಟಿಗೆ ಎಲುಬು ಮುರಿಯುತ್ತದೆ. ಮುಖಪುಟದ ಚಿತ್ರಕಾರರೋ ಅದನ್ನು ಬರಿಮೈ ಮೇಲೆ ತೊಡಿಸಿ, ಹಿಮದಲ್ಲಿ ನಿಲ್ಲಿಸುತ್ತಾರೆ. ಕತ್ತಿನ ಸರಕ್ಕೆ ನಾಲ್ಕು ಕೂದಲು ಸಿಕ್ಕಿಕೊಂಡರೇ ನಾವು ಮನೆಯವರನ್ನೆಲ್ಲ ಕೂಗುತ್ತೇವೆ, ಅಲ್ವಾ?

ಇದನ್ನೆಲ್ಲ ನೋಡಿ ಎಸ್ತರ್ ಫ್ರೀಸ್ನರ್ ಎಂಬ ಲೇಖಕಿ 1995ರಲ್ಲಿ ‘ಚಿಕ್ಸ್ ಇನ್ ಚೈನ್‌ಮೇಲ್’ (ಸರಪಳಿ ಅಂಗಿ ತೊಟ್ಟ ಹುಡುಗಿಯರು) ಎಂಬ ನಗೆಕಥೆಗಳ ಸಂಕಲನ ತಂದರು. ಅದರಲ್ಲಿ ಎಲಿಜಬೆತ್ ಮೂನ್ ಬರೆದ ಕಥೆಯಲ್ಲಿ ರಾಜ ಕಂಚಿನ ಎದೆಕವಚಕ್ಕೇ ತೆರಿಗೆ ಹಾಕುತ್ತಾನೆ. ನನಗೆ ಇದು ತುಂಬಾ ಇಷ್ಟ. ಖಜಾನೆ ಖಾಲಿಯಾದಾಗ ಯಾವ ಸರ್ಕಾರದ ಕಣ್ಣು ಎಲ್ಲಿ ಬೀಳುತ್ತದೋ ಹೇಳೋಕಾಗಲ್ಲ. ಪುಸ್ತಕ ಓಡಿತು, ಸಾಲಾಗಿ ಇನ್ನಷ್ಟು ಸಂಕಲನ ಬಂದವು. ಮುಖಪುಟದ ಬಿಕಿನಿಗಳು ಮಾತ್ರ ಇನ್ನೂ ಬರುತ್ತಲೇ ಇವೆ.

ಚಿತ್ರದಲ್ಲಿ ಹೀಗೆ. ಗೋರಿಯಲ್ಲಿ?

ಸ್ವೀಡನ್ನಿನ ಬಿರ್ಕಾದಲ್ಲಿ 10ನೇ ಶತಮಾನದ ಗೋರಿಯೊಂದಿದೆ. 19ನೇ ಶತಮಾನದಲ್ಲಿ ಅಗೆದಾಗ ಕತ್ತಿ, ಕೊಡಲಿ, ಈಟಿ, ಬಾಣ, ಎರಡು ಗುರಾಣಿ, ಎರಡು ಕುದುರೆ ಸಿಕ್ಕವು. ಇಷ್ಟೊಂದು ಆಯುಧ ಇದ್ದಮೇಲೆ ಗಂಡಸೇ ಎಂದು ಬರೆದುಕೊಂಡರು. ಎಲುಬನ್ನು ಯಾರು ಕೇಳಬೇಕು? 2017ರಲ್ಲಿ ಡಿಎನ್‌ಎ ಪರೀಕ್ಷೆ ನಡೆಯಿತು. ಹೆಣ್ಣು!

ಆಗ ಶುರುವಾಯಿತು ನೋಡಿ. ಆಯುಧ ಅವಳದೇನಾ? ಎಲುಬು ಅದಲುಬದಲಾಗಿರಬಹುದಾ? ಜೊತೆಗೆ ಇನ್ನೊಂದು ಹೆಣ ಇತ್ತಾ? ಗಂಡಸು ಎಂದುಕೊಂಡಿದ್ದಾಗ ನೂರು ವರ್ಷ ಏಳದ ಪ್ರಶ್ನೆಗಳು ಒಂದೇ ವಾರದಲ್ಲಿ ಎದ್ದು ಕೂತವು. ಬಟ್ಟಲೆರಡು ಕಟ್ಟಿಕೊಂಡವಳು ಮುಖಪುಟದಲ್ಲಿ ಸಲೀಸಾಗಿ ವೀರಳಾಗುತ್ತಾಳೆ. ಇವಳಿಗೆ ಇಡೀ ಆಯುಧಶಾಲೆಯೇ ಸಾಲಲಿಲ್ಲ.

ಅಂದ ಹಾಗೆ, ಆ ಎರಡು ಕುದುರೆಗಳಲ್ಲಿ ಒಂದು ಗಂಡು, ಒಂದು ಹೆಣ್ಣು. ಹೆಣ್ಣು ಕುದುರೆ ನಿಜವಾಗಿಯೂ ಯುದ್ಧಕ್ಕೆ ಹೋಗಿತ್ತಾ ಅಂತ ಯಾರೂ ಕೇಳಿದಂತಿಲ್ಲ.